ಬ್ಯಾಡ ಅಂದದ್ದು ಹೂಂ ಆದ ಮಳೆಗಾಲ

ಈ ಜೂನಿನ ಒಂದು ಸಂಜೆ ನಾದಿನಿಯ ಬಸುರಿ ಮಗಳ ಕುಬಸಕ್ಕೆ ಸೀರೆ ತರಲೆಂದು ನಮ್ಮ ಮನೆಯವರ ಜೊತೆ ಕೂಕಟ್‌ಪಲ್ಲಿಗೆ ಹೋಗಿದ್ದೆ. ಮೆಟ್ರೋ ಇಳಿದು ಮೆಟ್ಟಿಲ ಬುಡಕ್ಕೆ ಬರುವಷ್ಟರಲ್ಲಿ ಮಳೆ ಹಿಡಿಯಿತು. ಹೈದರಾಬಾದಿನ ಈ ಭಾಗದಲ್ಲಿ ಮೊದಲ ಮಳೆಗೆ ಮಣ್ಣಿನ ವಾಸನೆ ಏಳುವುದಿಲ್ಲ, ಕಾದ ಡಾಂಬರು, ಮೋರಿ, ಆಟೋಗಳ ಹೊಗೆ ಎಲ್ಲ ಕೂಡಿದ ಒಂದು ಉಗಿ ಏಳುತ್ತದೆ. ಆ ಉಗಿಯನ್ನು ಸೀಳಿಕೊಂಡು ಕೆಂಡದ ಮೇಲೆ ಸುಡುತ್ತಿದ್ದ ಮೆಕ್ಕೆಜೋಳದ ತೆನೆಯ ವಾಸನೆ ಬಂತು. ನಿಂಬೆಹೋಳಿಗೆ ಉಪ್ಪು ಖಾರ ಹಚ್ಚಿ ತಿಕ್ಕಿದ ಹುಳಿ ಘಾಟೂ ಬಂತು. ನಾನು ನಿಂತೆ. ನನಗೆ ತೆನೆ ತಿನ್ನುವ ಆಸೆಯಾಗಿದೆ ಎಂದುಕೊಂಡು ಇವರು ಗಾಡಿಯವನ ಕಡೆ ಹೊರಟರು. ಬ್ಯಾಡ್ರೀ, ನಡೀರಿ ಅಂದೆ. ದನಿ ಹೇಗೆ ಬಂತೋ ಏನೋ, ಇವರು ಮತ್ತೆ ಕೇಳಲಿಲ್ಲ. ನನ್ನ ಕೈಯನ್ನು ತಮ್ಮ ಮೊಳಕೈಗೆ ಸಿಕ್ಕಿಸಿಕೊಂಡು ಸುಮ್ಮನೆ ನಡೆದರು.

ನನಗೆ ಕಣ್ಣು ಕಾಣುವುದಿಲ್ಲ. ಚಿಕ್ಕಂದಿನಲ್ಲಿ ಮಬ್ಬು ಮಬ್ಬಾಗಿ ಕಾಣುತ್ತಿತ್ತು, ಊರಿನ ಶಾಲೆ ಬಿಡುವ ಹೊತ್ತಿಗೆ ಅದೂ ಹೋಯಿತು. ನಮ್ಮದು ಹುಮನಾಬಾದ್. ಕಲಬುರಗಿಯಲ್ಲಿ ಅಂಧರ ವಸತಿಶಾಲೆಯಲ್ಲಿದ್ದು ಓದಿದೆ, ಅಲ್ಲಿಯೇ ಬಿಎ ಮಾಡಿದೆ, ಮದುವೆಯಾಗಿ ಲಿಂಗಂಪಲ್ಲಿಗೆ ಬಂದೆ. ಇವರು ಪೈಪುಗಳ ಗೋದಾಮೊಂದರಲ್ಲಿ ಲೆಕ್ಕ ನೋಡುತ್ತಾರೆ. ನಾನು ಕೂಕಟ್‌ಪಲ್ಲಿಯ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿದ್ದೆ. ಆ ತೆನೆಗಾಡಿಯ ಮುಂದಿನಿಂದ ಎರಡು ತಿರುವು ದಾಟಿದರೆ ಅದರ ಗೇಟು. ಹೋದ ವರ್ಷದ ಮಳೆಗಾಲ ಪೂರ್ತಿ ಅಲ್ಲಿಯೇ ಕಳೆದೆ. ಮಳೆ ಬಿದ್ದ ಮಧ್ಯಾಹ್ನಗಳಲ್ಲಿ ಗೇಟಿನ ಹೊರಗಿನಿಂದ ಮಲ್ಲು ಇಂಥದ್ದೇ ಬಿಸಿ ತೆನೆ ತಂದು, ಲಟಕ್ಕನೆ ಎರಡು ತುಂಡು ಮಾಡಿ, ದೊಡ್ಡ ತುಂಡನ್ನು ನನ್ನ ಕೈಗೆ ಇಡುತ್ತಿದ್ದ.

ಮಲ್ಲು ಅಂದರೆ ಮಲ್ಲಿಕಾರ್ಜುನ. ಸಿಂಧನೂರು ಕಡೆಯವನು, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವನು. ಕಾಲೇಜಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ಅವನದು, ಅದೂ ಕಾಂಟ್ರಾಕ್ಟಿನ ಮೇಲೆ. ನಾನು ಸೇರಿದ ಮೊದಲಿಗೆ ನನ್ನನ್ನು ಕೂರಿಸಿದ್ದು ಬಾಗಿಲ ಬಳಿಯ ಫೋನಿನ ಮುಂದೆ. ಫೋನು ಬಂದರೆ ಎತ್ತುವುದು, ಯಾರಿಗೆ ಬೇಕೋ ಅವರಿಗೆ ಜೋಡಿಸುವುದು, ಅಷ್ಟೇ. ಒಂದು ದಿನ ನನ್ನ ತಂಗಿ ಫೋನು ಮಾಡಿದ್ದಳು, ಅವಳ ಜೊತೆ ಮಾತಾಡಿ ಇಟ್ಟ ಮೇಲೆ ಪಕ್ಕದಿಂದ ಒಂದು ದನಿ ಬಂತು. "ನಮ್ಮ ಕಡ್ಯಾರೇನ್ರಿ ಅಕ್ಕಾರ?" ಆಫೀಸು ತುಂಬ ತೆಲುಗು, ಕಾರಿಡಾರಿನಲ್ಲಿ ಹಿಂದಿ, ಮೀಟಿಂಗಿನಲ್ಲಿ ಇಂಗ್ಲಿಷ್. ಕನ್ನಡ ಬರುವವರು ಇಡೀ ಕಟ್ಟಡದಲ್ಲಿ ನಾವಿಬ್ಬರೇ. ಅಂದಿನಿಂದ ಊಟದ ಡಬ್ಬಿ ಒಟ್ಟಿಗೆ ಬಿಚ್ಚತೊಡಗಿದೆವು. ನಾನು 'ಅದ' ಅಂದರೆ ಅವನು 'ಐತಿ' ಅನ್ನುತ್ತಿದ್ದ, ಇದ್ಯಾವ ಕನ್ನಡ ಎಂದು ಒಬ್ಬರನ್ನೊಬ್ಬರು ಕಾಡಿಸುತ್ತಿದ್ದೆವು. ಜಗಳ ಅಂತ ನಮ್ಮ ನಡುವೆ ಆಗಿದ್ದರೆ ಅದೊಂದೇ.

ನನ್ನನ್ನು ಫೋನಿನ ಮುಂದಿನಿಂದ ಎಬ್ಬಿಸಿದವನೂ ಅವನೇ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನು ನನಗೊಂದು ಕಂಪ್ಯೂಟರಿಗೆ ಹಾಕಿ, ಕಾಲೇಜಿನ ಅಡ್ಮಿಷನ್ ಪ್ರೋಗ್ರಾಮಿನಲ್ಲಿ ಅದು ಎಲ್ಲೆಲ್ಲಿ ತಡವರಿಸುತ್ತಿತ್ತೋ ಅಲ್ಲೆಲ್ಲ ಭಾನುವಾರಗಳನ್ನು ಕೊಟ್ಟು ಸರಿಮಾಡಿದ. ಆಮೇಲೆ ಮೇಡಂ ಹತ್ತಿರ ಹೋಗಿ, ಇವರಿಗೆ ಅಡ್ಮಿಷನ್ ಟೇಬಲ್ಲು ಕೊಟ್ಟು ನೋಡಿ ಎಂದು ಹೇಳಿದವನೂ ಅವನೇ. ಕಾಲೇಜಿನ ಆಡಳಿತ ನಡೆಸುತ್ತಿದ್ದ ಹಿರಿಯ ಹೆಂಗಸನ್ನು ನಾವೆಲ್ಲ ಮೇಡಂ ಅಂತಲೇ ಕರೆಯುತ್ತಿದ್ದೆವು. ಮಾತು ಕಡಿಮೆ, ಮನಸ್ಸು ಕೆಟ್ಟದ್ದಲ್ಲ. ಕೊಟ್ಟು ನೋಡಿದರು.

ಆ ಟೇಬಲ್ಲಿನಲ್ಲಿ ನಾನು ನಾಲ್ಕು ವರ್ಷ ಕೂತೆ. ಜಹೀರಾಬಾದು, ನಾರಾಯಣಖೇಡ, ಸಂಗಾರೆಡ್ಡಿಯಿಂದ ತಂದೆತಾಯಿಗಳು ಫೋನು ಮಾಡುತ್ತಿದ್ದರು. ನಮ್ಮ ಹುಡುಗಿಯ ಅರ್ಜಿ ಎಲ್ಲಿಗೆ ಬಂತು, ಸರ್ಟಿಫಿಕೇಟು ಯಾವಾಗ ಸಿಗುತ್ತದೆ, ಹಾಸ್ಟೆಲ್ಲಿನಲ್ಲಿ ಜಾಗ ಇದೆಯೇ. ಅವರು ಹೆಸರು ಹೇಳಿ ಮುಗಿಸುವುದರೊಳಗೆ ನಾನು ಆ ಪುಟ ತೆರೆದಿರುತ್ತಿದ್ದೆ. ನನ್ನ ಕಂಪ್ಯೂಟರು ಎಷ್ಟು ಬಿರುಸಾಗಿ ಓದುತ್ತಿತ್ತೆಂದರೆ, ಪಕ್ಕದಲ್ಲಿ ಕೂತವರಿಗೆ ಅದು ಬರೀ ಗುಂಯ್ ಎಂದು ಕೇಳುತ್ತಿತ್ತಂತೆ. ಮೊದಮೊದಲು ನನ್ನ ಹಿಂದೆ ನಿಂತು ಅಯ್ಯೋ ಪಾಪ ಅನ್ನುತ್ತಿದ್ದವರು ಬರಬರುತ್ತ ನನ್ನ ಟೇಬಲ್ಲಿಗೆ ಬಂದು ಕೇಳಿ ಹೋಗತೊಡಗಿದರು. ಸಂಬಳ ಹೆಚ್ಚೇನೂ ಆಗಲಿಲ್ಲ. ಆದರೆ ಲಿಂಗಂಪಲ್ಲಿಯಿಂದ ಬಸ್ಸು ಹತ್ತುವಾಗ ನನ್ನ ಬೆನ್ನು ನೆಟ್ಟಗಿರುತ್ತಿತ್ತು.

ಹೋದ ವರ್ಷ ಬೇಸಿಗೆಯ ಕೊನೆಗೆ ಆಫೀಸಿನಲ್ಲಿ ಒಂದು ಚರ್ಚೆ ಎದ್ದಿತು. ನಮ್ಮ ಕಂಪ್ಯೂಟರುಗಳಲ್ಲಿದ್ದ ಹಳೆಯ ವಿಂಡೋಸಿಗೆ ದಸರೆಯ ಆಸುಪಾಸಿನಿಂದ ಕಂಪನಿಯ ಆರೈಕೆ ನಿಲ್ಲುತ್ತದೆ, ಹೊಸ ವಿಂಡೋಸು ನಮ್ಮ ಹಳೆಯ ಯಂತ್ರಗಳಲ್ಲಿ ಕೂರುವುದಿಲ್ಲ ಎಂದು ಮಲ್ಲು ಎಲ್ಲರಿಗೂ ತಿಳಿಸಿ ಹೇಳಿದ. ಹಾಗಾದರೆ ದಾರಿ ಎರಡು. ಎಲ್ಲ ಯಂತ್ರಗಳನ್ನೂ ಬದಲಾಯಿಸಬೇಕು, ಇಲ್ಲವೇ ಇದ್ದ ಯಂತ್ರಗಳಿಗೇ ಲಿನಕ್ಸ್ ಎಂಬ ಬೇರೆ ವ್ಯವಸ್ಥೆ ಹಾಕಿಕೊಳ್ಳಬೇಕು. ಅದು ಪುಕ್ಕಟೆ ಸಿಗುತ್ತದೆ, ಹಳೆಯ ಯಂತ್ರದಲ್ಲೂ ಓಡುತ್ತದೆ. ಮಲ್ಲುವಿಗೆ ಎರಡನೆಯದೇ ಮನಸ್ಸಿನಲ್ಲಿತ್ತು. ಅವನು ಓದುವಾಗಿನಿಂದ ಅದನ್ನೇ ಬಳಸುತ್ತಿದ್ದ, ಅದರ ಸುದ್ದಿ ಬಂದರೆ ತಂಗಿಯ ಮದುವೆ ಗೊತ್ತಾದವನ ಹಾಗೆ ಮಾತಾಡುತ್ತಿದ್ದ.

ಉಳಿದವರಿಗೆ ಅದು ಪರದೆಯ ಬಣ್ಣ, ಗುಂಡಿಗಳ ಜಾಗ ಬದಲಾದ ಹಾಗೆ. ಒಂದು ವಾರ ಗೊಣಗಿ ಒಗ್ಗಿಕೊಳ್ಳುತ್ತಾರೆ. ನನಗೆ ಹಾಗಲ್ಲ. ನಾನು ಕಂಪ್ಯೂಟರನ್ನು ಮುಟ್ಟುವುದು ಬೆರಳಿನಿಂದ, ಕಾಣುವುದು ಕಿವಿಯಿಂದ. ಯಾವ ಕೀಲಿ ಒತ್ತಿದರೆ ಯಾವ ಮೂಲೆಗೆ ಹೋಗುತ್ತೇನೆ, ಅಲ್ಲಿ ಯಾವ ದನಿ ಬರುತ್ತದೆ ಎಂಬುದೆಲ್ಲ ನಾಲ್ಕು ವರ್ಷದಲ್ಲಿ ಬೆರಳಿಗೆ ಹತ್ತಿದ್ದು. ವ್ಯವಸ್ಥೆ ಬದಲಾದರೆ ಓದುವ ತಂತ್ರಾಂಶವೇ ಬದಲಾಗುತ್ತದೆ. ಅದು ಎಲ್ಲಿ ಮೌನವಾಗುತ್ತದೋ ಅಲ್ಲಿಗೆ ನನ್ನ ಕೆಲಸ ನಿಲ್ಲುತ್ತದೆ.

ಇದನ್ನು ನಾನು ಹೇಳುವ ಮೊದಲೇ ಮಲ್ಲು ಹೇಳಿದ. ಮೊದಲು ನೀವು ಹಾಕಿಕೊಂಡು ನೋಡಿರಿ ಅಕ್ಕಾರ, ನಿಮಗೆ ಹೊಂದಿದರೆ ಮುಂದಿನ ಮಾತು ಅಂದ. ನನಗೆ ಅದು ಭಾಳ ಹಿಡಿಸಿತು. ನನ್ನ ಬಗ್ಗೆ ತೀರ್ಮಾನ ಮಾಡುವವರು ಬಹಳ ಜನ ಸಿಕ್ಕಿದ್ದರು, ನನ್ನನ್ನು ಕೇಳಿ ತೀರ್ಮಾನ ಮಾಡುತ್ತೇನೆ ಎಂದವನು ಅವನೊಬ್ಬನೇ.

ಹೀಗೆ ಆ ಮಳೆಗಾಲ ಶುರುವಾಯಿತು. ಲ್ಯಾಬಿನ ಮೂಲೆಯ ಒಂದು ಕಂಪ್ಯೂಟರಿಗೆ ಮಲ್ಲು ಲಿನಕ್ಸ್ ಹಾಕಿಕೊಟ್ಟ. ಮಧ್ಯಾಹ್ನ ಊಟ ಆದ ಮೇಲೆ ನಾನು ಅಲ್ಲಿ ಹೋಗಿ ಕೂರುತ್ತಿದ್ದೆ. ಲ್ಯಾಬಿನ ಹೊರಗಿನ ಮೊಗಸಾಲೆಗೆ ತಗಡಿನ ಹೊದಿಕೆ. ಮಳೆ ಜೋರಾದರೆ ಇಯರ್‌ಫೋನು ಹಾಕಿಕೊಂಡರೂ ಕಂಪ್ಯೂಟರಿನ ದನಿ ಕೇಳುತ್ತಿರಲಿಲ್ಲ, ಕೈ ಬಿಟ್ಟು ಕೂರಬೇಕಾಗುತ್ತಿತ್ತು. ಅಂಥ ಹೊತ್ತಿನಲ್ಲಿಯೇ ಅವನು ತೆನೆ ತರಲು ಓಡುತ್ತಿದ್ದದ್ದು. ಗೋಡೆಗಳು ಹಸಿಯಾಗಿ ಸುಣ್ಣದ ವಾಸನೆ, ಒದ್ದೆ ಛತ್ರಿಗಳ ರಬ್ಬರು ವಾಸನೆ, ಮಲ್ಲುವಿನ ದವಡೆಯಲ್ಲಿನ ಲವಂಗದ ವಾಸನೆ. ಹಲ್ಲುನೋವಿಗೆ ಅಂತ ಶುರುಮಾಡಿದ ಲವಂಗ ಅವನಿಗೆ ಚಟವಾಗಿತ್ತು.

ಸುಳ್ಳು ಹೇಳಬಾರದು, ಆ ಹೊಸದು ನನಗೆ ಹಿಡಿಸಿತು. ಮೊದಲ ವಾರ ಕಾಲಿಗೆ ಕಾಲು ತೊಡರಿದ ಹಾಗೆ ಬೆರಳು ತೊಡರುತ್ತಿದ್ದವು. ಅದರ ಕನ್ನಡ ದನಿ ಮೂಗಿನಲ್ಲಿ ಮಾತಾಡುತ್ತಿತ್ತು, 'ಹುಮನಾಬಾದ್' ಎಂದು ಓದಿಸಿ ಇಬ್ಬರೂ ನಕ್ಕೆವು. ಆಮೇಲೆ ಆಮೇಲೆ ಕೈ ಕೂತಿತು. ಪತ್ರ ಬರೆಯುವುದು, ಮೇಲ್ ಓದುವುದು, ಇಂಟರ್‌ನೆಟ್ಟಿನ ಪುಟ ತಿರುವುವುದು ಎಲ್ಲ ಸಲೀಸಾಗಿ ಆಯಿತು. ಕೆಲವು ಕಡೆ ಹಳೆಯದಕ್ಕಿಂತ ಚುರುಕು. ಹಾಗೆಯೇ ಹೇಳಿದೆ. ಅವನು ಖುಷಿಯಿಂದ ಟೇಬಲ್ಲು ಕುಟ್ಟಿದ.

ತೊಡಕು ಬಂದದ್ದು ಅಡ್ಮಿಷನ್ ಪ್ರೋಗ್ರಾಮಿನಲ್ಲಿ. ಅದು ವಿಂಡೋಸಿಗೆಂದೇ ಬರೆಸಿದ ಹಳೆಯ ಪ್ರೋಗ್ರಾಮು. ಲಿನಕ್ಸಿನೊಳಗೆ ಅದನ್ನು ವಿಂಡೋಸಿನ ವೇಷ ಹಾಕಿಸಿ ಓಡಿಸಬೇಕು. ಮಲ್ಲು ಓಡಿಸಿದ. ಪರದೆಯ ಮೇಲೆ ಎಲ್ಲ ಛಂದ ಕಾಣಾಕತ್ತೈತ್ರಿ ಅಂದ. ಕಾಣುತ್ತಿತ್ತೇನೋ. ನಾನು ಅದರೊಳಗೆ ಕಾಲಿಟ್ಟ ಕೂಡಲೇ ದನಿ ನಿಂತುಹೋಯಿತು. ಕೀಲಿ ಒತ್ತಿದೆ, ಮೌನ. ಹಿಂದೆ ಬಂದೆ, ದನಿ ಬಂತು. ಮತ್ತೆ ಒಳಗೆ ಹೋದೆ, ಮತ್ತೆ ಮೌನ. ಆ ಪ್ರೋಗ್ರಾಮಿನೊಳಗೆ ಏನಿದೆ ಎಂಬುದು ಹೊರಗಿನ ಓದುವ ತಂತ್ರಾಂಶಕ್ಕೆ ತಿಳಿಯುತ್ತಲೇ ಇರಲಿಲ್ಲ.

ಆಷಾಢದ ಬೋನಾಲು ಹಬ್ಬದ ಡೋಲುಗಳು ರಸ್ತೆಯಲ್ಲಿ ಬಡಿಯುತ್ತಿದ್ದ ದಿನಗಳು ಅವು. ಮಲ್ಲು ಸುಮ್ಮನೆ ಕೂಡಲಿಲ್ಲ, ಅದನ್ನು ನಾನು ಇಂದಿಗೂ ಹೇಳುತ್ತೇನೆ. ಆ ದಾರಿ ನೋಡಿದ, ಈ ದಾರಿ ನೋಡಿದ, ಗೊತ್ತಿದ್ದವರನ್ನೆಲ್ಲ ಕೇಳಿದ. ಪ್ರತಿ ಸಲವೂ ನನ್ನನ್ನು ಕೂರಿಸಿ, ಈಗ ನೋಡ್ರಿ ಅನ್ನುತ್ತಿದ್ದ. ನಾನು ಒತ್ತುತ್ತಿದ್ದೆ. ಮೌನ. ಪ್ರೋಗ್ರಾಮು ಬರೆದವರೇ ಅದನ್ನು ಹೊಸದಾಗಿ ಬರೆಯದ ಹೊರತು ಆಗದು ಎಂದು ಕೊನೆಗೆ ಅವನೇ ಒಪ್ಪಿದ.

ಅಂದು ಮಳೆ ನಿಂತಿತ್ತು, ತಗಡಿನಿಂದ ಹನಿ ಬೀಳುತ್ತಿದ್ದವು. ನಾನು ಇಯರ್‌ಫೋನು ತೆಗೆದಿಟ್ಟು ಹೇಳಿದೆ.

"ಮಲ್ಲು, ಉಳಿದವ್ರಿಗೆ ಹಾಕೋದಿದ್ರ ಹಾಕು. ನನಗ ಬ್ಯಾಡ. ಆ ಪ್ರೋಗ್ರಾಮು ಮಾತಾಡೋ ತನಕ ನನ್ನ ಮಶೀನು ಬದಲಿ ಮಾಡಬ್ಯಾಡ. ಮಾಡಿದ್ರ ನಾ ಮತ್ತ ಆ ಫೋನಿನ ಮುಂದ ಹೋಗಿ ಕೂಡಬೇಕಾಗ್ತದ."

"ಹಂಗ ಯಾಕ ಆಗತೈತ್ರಿ? ನಿಮಗಷ್ಟ ಒಂದು ಹೊಸ ಮಶೀನು ತರಸಾಕ ಹೇಳ್ತೀನಿ."

"ಮೇಡಂಗ ಒಂದು ಮೇಲ್ ಬರೀಲೇನು?"

"ನಾ ಇದ್ದೀನಲ್ಲರಿ ಅಕ್ಕಾರ. ನೀವು ಹೇಳಿದ್ದು ನನ್ನ ತಲ್ಯಾಗ ಐತಿ. ನಾ ಹೇಳ್ತೀನಿ."

ಅವನು ಹೇಳುತ್ತೇನೆ ಎಂದ ಮೇಲೆ ಬರೆಯುವುದೇನಿತ್ತು? ಎರಡು ತಿಂಗಳು ನಾನು ಏನೇನು ಕಂಡೆನೋ ಎಲ್ಲವನ್ನೂ ಅವನಿಗೆ ಬಾಯಿಮಾತಿನಲ್ಲಿ, ನಮ್ಮ ಮಾತಿನಲ್ಲಿ ಹೇಳಿದ್ದೆ. ಆಫೀಸಿನ ಇಂಗ್ಲಿಷಿನಲ್ಲಿ ಅಳೆದು ತೂಗಿ ಬರೆಯುವುದಕ್ಕಿಂತ ಅದು ಸರಿಯಾದದ್ದು ಎಂದುಕೊಂಡಿದ್ದೆ.

ಆಗಸ್ಟ್ ಹದಿನೈದಕ್ಕೆ ಧ್ವಜ ಹಾರಿಸಿದ ಮೇಲೆ ಸಭಾಂಗಣದಲ್ಲಿ ಚಹಾ, ಲಾಡು. ಮೇಡಂ ಮೈಕು ಹಿಡಿದು ಆ ವರ್ಷದ ಕೆಲಸಗಳ ಬಗ್ಗೆ ಮಾತಾಡುತ್ತ ಕಂಪ್ಯೂಟರಿನ ವಿಷಯಕ್ಕೆ ಬಂದರು. ಇಡೀ ಕಾಲೇಜು ಲಿನಕ್ಸಿಗೆ ಹೋಗುವುದೆಂದು ತೀರ್ಮಾನವಾಗಿದೆ ಎಂದರು. ಕೆಲವರು ಗೊಣಗಿದ್ದು ಕೇಳಿಸಿತು. ಮೇಡಂ ನಕ್ಕು, ನಿಮಗೆಲ್ಲ ಒಂದು ಮಾತು ಹೇಳುತ್ತೇನೆ ಎಂದರು. ನಮ್ಮ ಕಸ್ತೂರಿಯವರು ಇಡೀ ಮಳೆಗಾಲ ಕೂತು ಇದನ್ನು ಪರೀಕ್ಷೆ ಮಾಡಿದ್ದಾರೆ, ಅಡ್ಮಿಷನ್ ಕೆಲಸಕ್ಕೂ ಸೇರಿ ಎಲ್ಲದಕ್ಕೂ ಸರಿಹೋಗುತ್ತದೆ ಎಂದು ಒಪ್ಪಿಗೆ ಕೊಟ್ಟಿದ್ದಾರೆ, ಅವರಿಗೇ ಆಗುತ್ತದೆ ಎಂದ ಮೇಲೆ ಕಣ್ಣಿದ್ದ ನಿಮಗೇನು ಕಷ್ಟ?

ಚಪ್ಪಾಳೆ ಬಿತ್ತು. ಕಸ್ತೂರಿ ನಾನು. ಆ ಚಪ್ಪಾಳೆ ನನಗೆ.

ಯಾರೋ ನನ್ನ ರಟ್ಟೆ ಹಿಡಿದು ಮುಂದೆ ಕರೆದುಕೊಂಡು ಹೋದರು. ಹೆಗಲಿಗೆ ಶಾಲು ಬಂತು. ಹೊಸ ಶಾಲಿನ ಗಂಜಿಯ ಗರಗರ, ಸುತ್ತ ಜನರ ಬಿಸಿ, ಎಡಗಡೆ ತೀರ ಹತ್ತಿರದಲ್ಲಿ ಲವಂಗದ ವಾಸನೆ. ನಾನು ಆ ಕಡೆ ಮುಖ ತಿರುಗಿಸಿ ಮೆಲ್ಲಗೆ ಕೇಳಿದೆ.

"ಮಲ್ಲು, ನಾ ಹಿಂಗ ಹೇಳಿದ್ನೇನು?"

ಅವನು ಉಸಿರು ಎಳೆದುಕೊಂಡದ್ದು ಕೇಳಿಸಿತು.

"ಆಮ್ಯಾಲೆ ಮಾತಾಡೂಣ್ರಿ ಅಕ್ಕಾರ. ಈಗ ಸ್ವಲ್ಪ ನಗ್ರಿ, ಫೋಟೋ ತಗಿಯಾಕತ್ತಾರ."

ಸುತ್ತ ನಿಂತ ಅಷ್ಟು ಜನಕ್ಕೂ ನಮ್ಮ ಮಾತು ಕೇಳಿಸಿತು, ಯಾರಿಗೂ ತಿಳಿಯಲಿಲ್ಲ. ಇಬ್ಬರೂ ತಮ್ಮ ಭಾಷೆಯಲ್ಲಿ ಖುಷಿ ಹಂಚಿಕೊಳ್ಳುತ್ತಿದ್ದಾರೆ ಎಂದುಕೊಂಡಿರಬೇಕು. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ಫೋಟೋ ಛಲೋ ಬಂದಿದೆ ಎಂದು ಆಮೇಲೆ ಎಲ್ಲರೂ ಹೇಳಿದರು.

ಆ 'ಆಮ್ಯಾಲೆ' ಬರಲಿಲ್ಲ. ಅಲ್ಲಿಯ ತನಕ ಮಲ್ಲು ನಾನಿದ್ದ ಕೋಣೆಗೆ ಬಂದರೆ ಬಾಗಿಲಲ್ಲಿಯೇ 'ನಾನ್ರಿ' ಅನ್ನುತ್ತಿದ್ದ. ಕಣ್ಣು ಕಾಣದವರ ಹತ್ತಿರ ಹಾಗೆ ದನಿ ಮಾಡಿ ಬರಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ, ತಾನೇ ರೂಢಿಸಿಕೊಂಡಿದ್ದ. ಆಗಸ್ಟಿನ ಆ ದಿನದಿಂದ ಅದು ನಿಂತಿತು. ಕೋಣೆಗೆ ಬರುತ್ತಿದ್ದ, ಯಾರದೋ ಕಂಪ್ಯೂಟರು ನೋಡುತ್ತಿದ್ದ, ಬಾಯಿ ಬಿಚ್ಚದೆ ಹೋಗುತ್ತಿದ್ದ. ಚಪ್ಪಲಿ ಎತ್ತಿ ಎತ್ತಿ ಇಡುತ್ತಿದ್ದ. ನನಗೆ ಲವಂಗದ ವಾಸನೆ ಬರುತ್ತಿತ್ತು. 'ಮಲ್ಲು' ಎಂದು ಕರೆದರೆ ಪಕ್ಕದ ಟೇಬಲ್ಲಿನ ಹುಡುಗಿ, ಇಲ್ಲಿ ಯಾರೂ ಇಲ್ಲ ಅನ್ನುತ್ತಿದ್ದಳು. ಹಾಗೆ ಹೇಳಲು ಅವನೇ ಸನ್ನೆ ಮಾಡಿರಬೇಕು. ಮೇಡಂ ಮುಂದೆ ಅವನು ಏನು ಹೇಳಿದನೋ ಅದನ್ನು ಭಯ ಹೇಳಿಸಿತು ಎಂದು ನಾನು ಆಮೇಲೆ ತಿಳಿದುಕೊಂಡೆ. ಆದರೆ ನನಗೆ ಕಾಣುವುದಿಲ್ಲ ಎಂಬುದನ್ನೇ ಮರೆ ಮಾಡಿಕೊಂಡು ನನ್ನಿಂದ ಅಡಗಿ ನಿಂತನಲ್ಲ, ಅದು ಎದೆಯಲ್ಲಿ ಕೂತಿದೆ.

ಮನೆಯಲ್ಲಿ ಇವರಿಗೆ ಹೇಳಿದೆ. ಇವರು ಮರುದಿನವೇ ಬಂದು ಅವನನ್ನು ಕೇಳುತ್ತೇನೆ ಎಂದರು. ಬೇಡ, ನನ್ನ ಮಾತು ನಾನೇ ಹೇಳುತ್ತೇನೆ ಎಂದು ಮೇಡಂ ಕೋಣೆಗೆ ಹೋದೆ.

ಮೇಡಂ ಪೂರ್ತಿ ಕೇಳಿದರು. ಆಮೇಲೆ ಅವರು ಹೇಳಿದ್ದು ನಾನು ಕೇಳಬಾರದಿತ್ತೇನೋ ಅನ್ನಿಸುತ್ತದೆ. ಹೊಸ ಯಂತ್ರಗಳನ್ನು ಕೊಡುವ ಒಬ್ಬ ವ್ಯಾಪಾರಿ ಮುಂದೆ ಬಂದಿದ್ದನಂತೆ. ಯಂತ್ರಗಳ ಜೊತೆ ಅವುಗಳನ್ನು ನೋಡಿಕೊಳ್ಳುವ ಕೆಲಸವನ್ನೂ ಅವನ ಜನರೇ ಮಾಡುತ್ತಿದ್ದರಂತೆ. ಕಸ್ತೂರಿಗೆ ಆಗುವುದಿಲ್ಲ ಅಂದರೆ ಲಿನಕ್ಸ್ ಬೇಡ, ಒಬ್ಬೊಬ್ಬರಿಗೆ ಒಂದೊಂದು ಇಡಲು ಆಗದು, ಎಲ್ಲವನ್ನೂ ಹೊಸದೇ ತರಿಸುತ್ತೇನೆ ಎಂದು ಮೇಡಂ ಮಲ್ಲುವಿಗೆ ಹೇಳಿದ್ದರು. ಎರಡು ಸಲ ಕೇಳಿದ್ದರು. ಎರಡು ಸಲವೂ ಅವನು, ಅವರು ಒಪ್ಪಿದ್ದಾರೆ ಅಂದಿದ್ದ.

ಇಡೀ ಕಾಲೇಜಿನ ತೀರ್ಮಾನ ನನ್ನ ಒಂದು ಮಾತಿನ ಮೇಲೆ ನಿಂತಿತ್ತು. ನನಗೆ ಅದು ಗೊತ್ತೇ ಇರಲಿಲ್ಲ.

ಅವನನ್ನು ಕರೆಸಿದರು. ಅವನು ತೆಲುಗಿನಲ್ಲಿ ಮಾತಾಡಿದ. ಅಕ್ಕ ಮೊದಮೊದಲು ಕಷ್ಟ ಎಂದಿದ್ದು ನಿಜ, ರೂಢಿಯಾದರೆ ಸರಿಹೋಗುತ್ತದೆ ಎಂದೂ ಅವರೇ ಹೇಳಿದ್ದರು ಎಂದ. ನಾನು ಹಾಗೆ ಹೇಳಿಲ್ಲ ಎಂದೆ. ಏನು ಹೇಳಿದ್ದಿರಿ ಎಂದು ಮೇಡಂ ಕೇಳಿದರು. ಬ್ಯಾಡ ಅಂದಿದ್ದೆ ಎಂದೆ. ನಾವಿಬ್ಬರು ಆಡಿದ ಮಾತಿಗೆ ಆ ಕಟ್ಟಡದಲ್ಲಿ ಮೂರನೆಯ ಕಿವಿ ಇರಲಿಲ್ಲ. ಇದ್ದಿದ್ದರೂ ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ಮೇಡಂ ಎದ್ದು ಬಂದು ನನ್ನ ಭುಜದ ಮೇಲೆ ಕೈಯಿಟ್ಟರು. "ಅಲವಾಟು ಅವುತುಂದಮ್ಮಾ," ಅಂದರು. ಅಭ್ಯಾಸ ಆಗ್ತದಮ್ಮ ಎಂದು. ನಾನು ಹೊಸದಕ್ಕೆ ಹೆದರಿ ಮಾತು ತಿರುಗಿಸುತ್ತಿದ್ದೇನೆ ಎಂದು ಅವರು ತಿಳಿದದ್ದು ಆ ಕೈಯ ಮೆತ್ತಗಿನ ತೂಕದಲ್ಲಿಯೇ ತಿಳಿಯಿತು. ಆ ಹೊತ್ತಿಗೆ ವ್ಯಾಪಾರಿಗೆ ಬೇಡ ಎಂದು ಹೇಳಿಯಾಗಿತ್ತು, ಅರ್ಧ ಯಂತ್ರಗಳು ಬದಲಾಗಿದ್ದವು.

ಬತುಕಮ್ಮ, ದಸರೆ ರಜೆಯಲ್ಲಿ ನನ್ನ ಕಂಪ್ಯೂಟರನ್ನೂ ಬದಲಾಯಿಸಿದರು. ರಜೆ ಮುಗಿಸಿ ಬಂದು ಕೂತೆ. ಅಡ್ಮಿಷನ್ ಪ್ರೋಗ್ರಾಮು ತೆರೆದೆ. ನನಗೆ ಗೊತ್ತಿದ್ದ ಮೌನ. ಫೋನು ಬಂತು, ನಾರಾಯಣಖೇಡದ ಒಬ್ಬ ತಂದೆ. ಒಂದು ನಿಮಿಷ ಎಂದೆ. ಪಕ್ಕದ ಹುಡುಗಿಯನ್ನು ಕರೆದು ಪರದೆ ಓದಿಸಿದೆ. ಎರಡನೆಯ ಫೋನಿಗೆ ಮತ್ತೆ ಕರೆದೆ. ಮಧ್ಯಾಹ್ನದ ಹೊತ್ತಿಗೆ ಅವಳ ದನಿಯಲ್ಲಿ ಬೇಸರ ಬಂದಿತ್ತು, ಅವಳದೇನೂ ತಪ್ಪಿಲ್ಲ. ಕೆಲವು ವಾರ ಹಾಗೂ ಹೀಗೂ ಎಳೆದೆ. ಸರ್ಟಿಫಿಕೇಟುಗಳು ತಡವಾದವು, ಒಂದು ಹೆಸರು ತಪ್ಪಾಗಿ ಹೋಯಿತು. ಕೊನೆಗೆ ಮೇಡಂ ಕರೆದು, ಬಹಳ ಪ್ರೀತಿಯಿಂದಲೇ, ಸ್ವಲ್ಪ ದಿನ ನೀವು ಫೋನಿನ ಹತ್ತಿರ ಕೂತುಕೊಳ್ಳಿ ಎಂದರು. ಬಾಗಿಲ ಬಳಿಯ ಅದೇ ಜಾಗ. ಕುರ್ಚಿಯ ಒಂದು ಕಾಲು ಆಗಲೂ ಕುಂಟುತ್ತಿತ್ತು, ಈಗಲೂ ಕುಂಟುತ್ತಿತ್ತು.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಮಲ್ಲು ನಮ್ಮ ಮನೆಗೆ ಬಂದ. ಹೆಂಡತಿ ಜೊತೆಗಿದ್ದಳು, ತೊಡೆಯ ಮೇಲೆ ಕೂಸು. ಆ ಹುಡುಗಿ ಸಿಂಧನೂರಿನಿಂದ ಬಂದು ಇನ್ನೂ ಒಂದು ವರ್ಷ ಆಗಿರಲಿಲ್ಲ. ನಾನು ಚಹಾ ಮಾಡಿದೆ. ಇವರು ಒಳಗೆ ಹೋಗಲಿಲ್ಲ, ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತರು. ಮಲ್ಲು ಒಂದು ಚೀಲದಿಂದ ಲ್ಯಾಪ್‌ಟಾಪು ತೆಗೆದು ನನ್ನ ಮಡಿಲಲ್ಲಿ ಇಟ್ಟ. ಹಳೆಯದೇ, ಆದರೆ ಗಟ್ಟಿಯಾದದ್ದು ಎಂದ. ಹೊಸ ವಿಂಡೋಸು ಹಾಕಿದ್ದೇನೆ, ಓದುವ ತಂತ್ರಾಂಶ ಹಾಕಿದ್ದೇನೆ, ಕನ್ನಡದ ಹೊಸ ದನಿ ಹಾಕಿದ್ದೇನೆ, ಮೂಗಿನಲ್ಲಿ ಮಾತಾಡುವುದಿಲ್ಲ ಎಂದ. ಆಮೇಲೆ ಎಲ್ಲವನ್ನೂ ಹೇಳಿದ. ವ್ಯಾಪಾರಿ ಬಂದರೆ ತನ್ನ ಕೆಲಸ ಹೋಗುತ್ತಿತ್ತು. ಲಿನಕ್ಸ್ ಬಂದದ್ದಕ್ಕೆ ತನ್ನನ್ನು ಕಾಯಂ ಮಾಡಿದ್ದಾರೆ. ಇವಳನ್ನೂ ಕೂಸನ್ನೂ ಕರೆದುಕೊಂಡು ಬಂದಿದ್ದೆ, ಎಲ್ಲಿಗೆ ಹೋಗಲಿ ಎಂದ. ನಿಮಗೆ ಹೇಗಾದರೂ ದಾರಿ ಮಾಡಿಕೊಡಬಹುದು ಎಂದುಕೊಂಡಿದ್ದೆ, ಆಗಲಿಲ್ಲ ಎಂದ.

ನನಗೆ ಅರ್ಥವಾಯಿತು. ಮನೆಯಲ್ಲಿ ಕೂಸಿಟ್ಟುಕೊಂಡವನಿಗೆ ಕೆಲಸ ಹೋಗುವ ಭಯ ಹೇಗಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆವತ್ತೇ ಬಂದು, ಅಕ್ಕಾರ, ಹೀಗಾಗಿದೆ, ಏನು ಮಾಡಲಿ ಎಂದು ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ. ಹೂಂ ಎಂದೇ ಅನ್ನುತ್ತಿದ್ದೆನೇನೋ. ಆದರೆ ಆ ಹೂಂ ನನ್ನ ಬಾಯಿಂದ ಬರಬೇಕಿತ್ತು.

ಲ್ಯಾಪ್‌ಟಾಪಿನ ಮೇಲೆ ಕೈಯಾಡಿಸಿದೆ. ನನಗೆ ಅಗತ್ಯವಾದ ಕೀಲಿಗಳ ಮೇಲೆ ಮುಟ್ಟಿದರೆ ತಿಳಿಯುವ ಹಾಗೆ ಸಣ್ಣ ಸಣ್ಣ ಚುಕ್ಕಿ ಅಂಟಿಸಿದ್ದ. ಅಷ್ಟು ಕಾಳಜಿಯಿಂದ ಮಾಡಿದ್ದ. ಅದು ಕೈಗೆ ಹತ್ತಿದಾಗ ನನಗೆ ಅಳು ಬಂತು, ಸಿಟ್ಟೂ ಬಂತು.

"ಮಲ್ಲು, ಇದು ಬ್ಯಾಡ," ಅಂದೆ. "ನೀ ನಾಳೆ ಮೇಡಂ ಹತ್ರ ಹೋಗು. ಒಂದ ಮಾತು ಹೇಳು. 'ಕಸ್ತೂರಿ ಅಕ್ಕ ಬ್ಯಾಡ ಅಂದಿದ್ರು' ಅಂತ. ಯಾಕ ಸುಳ್ಳು ಹೇಳ್ದೆ ಅಂತ ಹೇಳಬ್ಯಾಡ. ನನ್ನ ಟೇಬಲ್ಲು ವಾಪಸ್ ಕೊಡಸಂತನೂ ಅನ್ನಂಗಿಲ್ಲ. ಆ ಒಂದು ಮಾತು ಸಾಕು."

ಎದುರು ಮನೆಯಲ್ಲಿ ಕುಕ್ಕರು ಕೂಗಿ ಸುಮ್ಮನಾಯಿತು. ಕೂಸು ಏನನ್ನೋ ಚೀಪುತ್ತಿತ್ತು.

"ಅದೊಂದು ಬಿಟ್ಟು ಏನರ ಕೇಳ್ರಿ ಅಕ್ಕಾರ," ಅಂದ.

ನಾನು ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ ಮುಂದೆ ಹಿಡಿದೆ. ಅವನು ತೆಗೆದುಕೊಳ್ಳಲಿಲ್ಲ. ನನ್ನ ಕೈ ಸೋಲತೊಡಗಿತು. ಆಗ ಬಳೆಯ ಸದ್ದಾಯಿತು. ಅವನ ಹೆಂಡತಿ ಕೂಸನ್ನು ಅವನ ಕೈಗೆ ಕೊಟ್ಟು, ಎದ್ದು ಬಂದು, ಅದನ್ನು ಮೆಲ್ಲಗೆ ನನ್ನಿಂದ ಇಸಿದುಕೊಂಡಳು. ಹೋಗುವಾಗ ನನ್ನ ಕಾಲು ಮುಟ್ಟಿದಳು. ಅವಳಿಗೆ ಏನು ಗೊತ್ತಿತ್ತೋ, ಅಲ್ಲಿ ಕೂತು ಏನು ತಿಳಿದುಕೊಂಡಳೋ, ನಾನು ಕೇಳಲಿಲ್ಲ.

ವಾರ್ಷಿಕ ಪರೀಕ್ಷೆಗಳು ಮುಗಿಯುವ ತನಕ ಆ ಫೋನಿನ ಮುಂದೆ ಕೂತೆ. ನಡುವೆ ಬಿಟ್ಟು ಹೋದರೆ, ಆಕೆಗೆ ಆಗಲಿಲ್ಲ ಬಿಟ್ಟಳು ಅನ್ನುತ್ತಾರೆ ಎಂಬ ಹಟ. ಬೇಸಿಗೆಯಲ್ಲಿ ಶಂಶಾಬಾದಿನ ಹತ್ತಿರ ಸರಕು ಸಾಗಣೆಯ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು. ಹೊರವರ್ತುಲ ರಸ್ತೆಯ ಮೇಲೆ ಅವರದೇ ವ್ಯಾನು ಕರೆದುಕೊಂಡು ಹೋಗುತ್ತದೆ. ವಿಮಾನಗಳು ತಲೆಯ ಮೇಲೆಯೇ ಇಳಿಯುವ ಜಾಗ, ಮೊದಲ ವಾರ ಪ್ರತಿ ಸಲವೂ ಬೆಚ್ಚುತ್ತಿದ್ದೆ.

ಸೇರಿದ ದಿನ ಅಲ್ಲಿಯ ಮ್ಯಾನೇಜರು, ಹಳೇ ಪಟ್ಟಣದ ಕಡೆಯ ದಖ್ಖನಿ ಮಾತಾಡುವ ಹುಡುಗಿ, ನಿಮಗೆ ಯಾವ ಸಿಸ್ಟಂ ಹಾಕಿಸಲಿ, ವಿಂಡೋಸೋ ಲಿನಕ್ಸೋ ಎಂದು ಕೇಳಿದಳು. ಇಲ್ಲಿ ಎರಡೂ ಇವೆ ಎಂದಳು. ಇಷ್ಟು ಸುಲಭವಾಗಿ ಕೇಳುವ ಮಾತೇ ಇದು ಅನ್ನಿಸಿತು. ಎರಡರಲ್ಲೂ ಕೆಲಸ ಮಾಡಿ ನೋಡುತ್ತೇನೆ, ನೋಡಿದ್ದನ್ನು ನಾನೇ ಬರೆದು ನಿಮಗೆ ಕಳಿಸುತ್ತೇನೆ ಎಂದೆ. ಬರೆಯುವುದೆಲ್ಲ ಯಾಕೆ, ಬಾಯಿಂದ ಹೇಳಿದರೆ ಸಾಕು ಎಂದು ಅವಳು ನಕ್ಕಳು. ನಾನು ಬರೆದೇ ಕಳಿಸಿದೆ. ಅಲ್ಲಿಯ ಕೆಲಸವೆಲ್ಲ ಇಂಟರ್‌ನೆಟ್ಟಿನ ಪುಟದಲ್ಲಿಯೇ ನಡೆಯುತ್ತದೆ, ಮೌನವಾಗುವ ಹಳೆಯ ಪ್ರೋಗ್ರಾಮು ಯಾವುದೂ ಇಲ್ಲ. ಹಾಗಾಗಿ ಲಿನಕ್ಸನ್ನೇ ಆರಿಸಿಕೊಂಡೆ. ನನಗೆ ಅದರ ಮೇಲೆ ಎಂದೂ ಸಿಟ್ಟಿರಲಿಲ್ಲ.

ಸೀರೆ ತಂದ ಮರುವಾರ ಆಫೀಸಿನಲ್ಲಿದ್ದಾಗ ಮಲ್ಲುವಿನ ಫೋನು ಬಂತು. ನಂಬರು ಅಳಿಸಿಹಾಕಿದ್ದೆ, ದನಿ ಕೇಳಿದ ಮೇಲೆಯೇ ಗೊತ್ತಾದದ್ದು. ಹೊಸ ಕೆಲಸದ ಸುದ್ದಿ ಯಾರಿಂದಲೋ ತಿಳಿಯಿತಂತೆ. ಖುಷಿ ಆಯಿತು ಎಂದ. ಕೂಸು ನಡೆಯುತ್ತದೆ ಎಂದ. ಕಡೆಗೆ ಕೇಳಿದ.

"ಅಲ್ಲಿ ಯಾವ ಸಿಸ್ಟಂ ಐತ್ರಿ ಅಕ್ಕಾರ? ನಿಮಗ ಹೊಂದೈತಿ?"

ನನ್ನ ಬಾಯಿಗೆ ಕನ್ನಡ ಬಂದಿತ್ತು. ನಾಲಗೆಯ ತುದಿಯಲ್ಲಿತ್ತು. ಅದನ್ನು ಒಳಗೇ ಹಿಡಿದು ತೆಲುಗಿನಲ್ಲಿ ಹೇಳಿದೆ.

"ಬಾಗಾನೇ ಉಂದಂಡಿ."

ಚೆನ್ನಾಗಿಯೇ ಇದೆ ರೀ ಎಂದು, ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಅಪರಿಚಿತರಿಗೆ ಹೇಳುವ ಹಾಗೆ. ಅಷ್ಟು ವರ್ಷದಲ್ಲಿ ನಾನು ಅವನೊಡನೆ ತೆಲುಗು ಆಡಿದ್ದು ಅದೇ ಮೊದಲು. ತಲೆಯ ಮೇಲೆ ಒಂದು ವಿಮಾನ ಇಳಿದು ಹೋಯಿತು.

"ಸರೇ, ಮೇಡಂ," ಅಂದ, ಅವನೂ ತೆಲುಗಿನಲ್ಲಿಯೇ. ಫೋನು ಇಟ್ಟ.